ಟ್ರಂಕಿನ ಸೀರೆ ಸಮುದ್ರಕ್ಕೆ ಹೋಯಿತು

ಹೋದ ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ವಾಟ್ಸಾಪಿಗೆ ಒಂದು ಫೋಟೋ ಬಂತು.

ಗೋಕರ್ಣದ ಸಮುದ್ರ. ಮೊಣಕಾಲುದ್ದ ನೀರಿನಲ್ಲಿ ನನ್ನ ಅಕ್ಕ ಕಸ್ತೂರಿ ನಿಂತಿದ್ದಾಳೆ. ಇಳಕಲ್ ಸೀರೆ. ಹಸಿರು ಮೈ, ಕೆಂಪು ಸೆರಗು. ತಲೆಗೊಂದು ಕ್ರಿಕೆಟ್ ಟೋಪಿ. (ಔಷಧ ಬದಲಿಸಿದ ಮೇಲೆ ಕೂದಲು ಈಗ ತಾನೇ ಎರಡು ಬೆರಳು ಬಂದಿದೆ, ಅದಕ್ಕೆ.) ಪಕ್ಕದಲ್ಲಿ ಅವಳ ಗಂಡ ಭೀಮರಾಯ ಮಾಮಾ, ಪ್ಯಾಂಟು ಮಡಚಿಕೊಂಡು, ಇಬ್ಬರ ಚಪ್ಪಲಿಯನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು. ಇಬ್ಬರೂ ಹಲ್ಲು ಕಾಣುವಂತೆ ನಗುತ್ತಿದ್ದಾರೆ. ಫೋಟೋದ ಕೆಳಗೆ ಅಕ್ಕನ ಒಂದೇ ಸಾಲು: ‘ನಿನ್ನ ಸೀರಿ ತೊಯ್ದೈತಿ ನೋಡು.’

ನಾನು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನಕ್ಕೆ. ಆಮೇಲೆ ಅತ್ತೆ. (ಬಾಯ್ತುಂಬ ನೊರೆ ಇಟ್ಟುಕೊಂಡು ಅಳುವುದು ಸುಲಭವಲ್ಲ. ಪ್ರಯತ್ನಿಸಬೇಡಿ.)

ಯಾಕೆಂದರೆ ಆ ಸೀರೆಯನ್ನು ನಾನು ಕೊಂಡದ್ದು ಅಕ್ಕ ಉಟ್ಟು ಓಡಾಡಲಿ ಎಂದಲ್ಲ. ಅಕ್ಕ ತೀರಿಕೊಂಡರೆ ಅವಳ ಮೈಮೇಲೆ ಹೊದಿಸಲು.

ಗಾಬರಿಯಾಗಬೇಡಿ. ನನ್ನನ್ನು ಬೈಯುವುದಿದ್ದರೂ ಸ್ವಲ್ಪ ತಡೆಯಿರಿ. ಪೂರ್ತಿ ಹೇಳುತ್ತೇನೆ, ಆಮೇಲೆ ಬೈಯಿರಿ.

ನಮ್ಮ ಕಡೆ ಮುತ್ತೈದೆ ತೀರಿಕೊಂಡರೆ ತವರುಮನೆಯ ಸೀರೆ ಬರಬೇಕು. ಗಂಡನ ಮನೆಯ ಕಪಾಟಿನಲ್ಲಿ ನೂರು ಸೀರೆ ಇರಲಿ. ಅಣ್ಣನೋ ತಮ್ಮನೋ ತಂದ ಹಸಿರು ಸೀರೆ ಹೊದಿಸುವ ತನಕ ಹೆಣ ಎತ್ತುವುದಿಲ್ಲ. ನಮ್ಮ ಚಿಕ್ಕವ್ವ ತೀರಿಕೊಂಡದ್ದು ಅಂಗಡಿಗಳೆಲ್ಲ ಬಂದ್ ಇದ್ದ ದಿನ. ಸೋದರಮಾವ ಯಾರದ್ದೋ ಅಂಗಡಿಯ ಹಿಂಬಾಗಿಲು ಬಡಿದು, ಸಿಕ್ಕಿದ್ದೊಂದು ಮಾಸಿದ ಸೀರೆ ತಂದ. ಆತನೂ ತೀರಿಹೋಗಿ ಬಹಳ ಕಾಲವಾಯಿತು, ಆ ಸೀರೆಯ ಮಾತು ಮಾತ್ರ ಇನ್ನೂ ತೀರಿಲ್ಲ. ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು ತೆಗೆದೇ ತೆಗೆಯುತ್ತಾರೆ.

ಇನ್ನು ನನ್ನ ವಿಷಯ. ಈ ಅಂಕಣ ಓದುವವರಿಗೆ ನನ್ನ ಕಾಯಿಲೆ ಗೊತ್ತು. ಅದರ ಹೆಸರು ಮುಂಜಾಗ್ರತೆ. ಮುದ್ದೇಬಿಹಾಳದ ಬಿರುಬಿಸಿಲಿನಲ್ಲೂ ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ರೇನ್‌ಕೋಟ್ ಇರುತ್ತದೆ. ಬಸ್ಸು ಒಂಬತ್ತಕ್ಕಿದ್ದರೆ ನಾನು ಎಂಟಕ್ಕೇ ಸ್ಟ್ಯಾಂಡಿನಲ್ಲಿ. ಮನೆಯಲ್ಲಿ ಮೂರು ಟಾರ್ಚು, ಆ ಮೂರಕ್ಕೂ ಹೆಚ್ಚುವರಿ ಸೆಲ್ಲು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಕಲಿಸಿ, ಪ್ರತಿಯೊಂದಕ್ಕೂ ಉತ್ತರ ಮೊದಲೇ ಸಿದ್ಧವಿರಬೇಕು ಅನ್ನುವ ಚಟ ಅಂಟಿಬಿಟ್ಟಿದೆ.

ಎರಡು ವರ್ಷದ ಹಿಂದೆ ತಮ್ಮ ಊರು ಇಂಡಿಯಿಂದ ಮಾಮಾ ಫೋನ್ ಮಾಡಿದ. ಅಕ್ಕನ ಎದೆಯ ಗಂಟು ತೆಗೆಸಿ ಆಗಲೇ ನಾಲ್ಕು ವರ್ಷವಾಗಿತ್ತು. ಎಲ್ಲ ಮುಗಿಯಿತು ಅಂದುಕೊಂಡಿದ್ದೆವು. ಮುಗಿದಿರಲಿಲ್ಲ. ಈ ಸಲ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತ್ತು. ಡಾಕ್ಟರು ಹೇಳಿದ್ದನ್ನು ಮಾಮಾ ಒಂದಕ್ಷರ ಬಿಡದೆ ಒಪ್ಪಿಸಿದ. ಇದು ಪೂರ್ತಿ ಹೋಗುವುದಿಲ್ಲ. ಆದರೆ ಔಷಧದಿಂದ ಹಿಡಿದಿಡಬಹುದು. ಎಷ್ಟು ಕಾಲ ಅಂತ ಯಾರೂ ಹೇಳಲಾರರು, ಒಳ್ಳೆಯ ದಿನಗಳು ಬಹಳ ಸಿಗಬಹುದು.

ನಾಲ್ಕು ಮಾತು ಹೇಳಿದ್ದರು. ನನ್ನ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ.

ಮರುದಿನವೇ ತಾಳಿಕೋಟೆಗೆ ಹೋದೆ. ಮುದ್ದೇಬಿಹಾಳದಲ್ಲೇ ಕೊಳ್ಳಬಹುದಿತ್ತು. ಆದರೆ ಇಲ್ಲಿನ ಅಂಗಡಿಯವರ ಮಕ್ಕಳೆಲ್ಲ ನನ್ನ ಶಿಷ್ಯರು. ಏನ್ ವಿಶೇಷರೀ ಸರ ಅಂತ ಕೇಳದೆ ಬಿಡುತ್ತಾರೆಯೇ? ತಾಳಿಕೋಟೆಯಲ್ಲಿ ದಸ್ತಗೀರ ಸಾಹೇಬರೆಂಬ ಹಿರಿಯರ ಅಂಗಡಿ ಹೊಕ್ಕೆ. ಯಾರಿಗೆ ಅಂತ ಅವರೂ ಕೇಳಿದರು. ಅಕ್ಕನ ಮಗಳ ಕುಬಸ ಅಂದೆ. ಅಕ್ಕನಿಗೆ ಮಗಳೇ ಇಲ್ಲ! ಬಸುರಿಗೆ ಮಾಡುವ ಮಂಗಳಕಾರ್ಯದ ಹೆಸರು ಹೇಳಿ ಸಾವಿನ ಸೀರೆ ಕೊಂಡ ಮಹಾನುಭಾವ ನಾನು.

ಸೀರೆ ಮಾತ್ರ ನೋಡಿಯೇ ಆರಿಸಿದೆ. ಕೈಮಗ್ಗದ್ದು, ಕೋಟೆಯ ತೆನೆಯ ಹಾಗೆ ನೇಯ್ದ ತೋಪ್ ತೆನಿ ಸೆರಗು. ತವರಿನವರು ಕೊಟ್ಟ ಸೀರೆ ಹೇಗಿತ್ತು ಅಂತ ಆಮೇಲೆ ಯಾರೂ ಬೆರಳು ತೋರಿಸಬಾರದಲ್ಲ? ಸಾಹೇಬರು ಮಡಚುತ್ತ, ಮೊದಲ ಸಲ ಒಗೆಯುವಾಗ ಹೇಗೆ ಒಗೆಯಬೇಕು ಅಂತ ಹೇಳಲು ಶುರುಮಾಡಿದರು. ಅದೆಲ್ಲ ಬೇಡ, ಕಟ್ಟಿಕೊಡಿ ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಸುಮ್ಮನೆ ಕಟ್ಟಿಕೊಟ್ಟರು.

ಮನೆಗೆ ಬಂದು, ಹೆಂಡತಿ ಲಲಿತಾಗೆ ಮಾತ್ರ ಹೇಳಿ, ಅವ್ವನ ಹಳೇ ಟ್ರಂಕಿನ ತಳದಲ್ಲಿ ಇಟ್ಟೆ. ನಾಲ್ಕು ಡಾಂಬರ ಗುಳಿಗೆ ಹಾಕಿದೆ. ಅಲ್ಲಿಂದ ಮುಂದೆ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಡಿದುಕೊಂಡರೆ ಸಾಕು, ನನ್ನ ಕಣ್ಣು ಮೊದಲು ಆ ಟ್ರಂಕಿನ ಕಡೆ ಹೋಗುತ್ತಿತ್ತು. ನಾಚಿಕೆಯಾಗುತ್ತಿತ್ತು. ಆದರೂ ಹೋಗುತ್ತಿತ್ತು.

ಅಕ್ಕ ಅತ್ತ ಇಂಡಿಯಲ್ಲಿ ಏನು ಮಾಡುತ್ತಿದ್ದಳು? ಕೂತಿದ್ದಳು. ಮೂರು ವಾರಕ್ಕೊಮ್ಮೆ ವಿಜಯಪುರಕ್ಕೆ ಹೋಗಿ ಇಂಜೆಕ್ಷನ್. ಉಳಿದ ದಿನ ಮಾತಾಡಿಸಲು ಬರುವವರ ಮುಂದೆ ಕೂರುವುದು. ಬಂದವರೆಲ್ಲ ಒಂದು ಡಜನ್ ಬಾಳೆಹಣ್ಣು ಇಟ್ಟು, ನಿಟ್ಟುಸಿರು ಬಿಟ್ಟು, ತಮಗೆ ಗೊತ್ತಿದ್ದ ಕ್ಯಾನ್ಸರಿನವರು ಹೇಗೆ ಹೇಗೆ ಸತ್ತರು ಅಂತ ವಿವರವಾಗಿ ಹೇಳಿ, ಚಹಾ ಕುಡಿದು ಹೋಗುತ್ತಿದ್ದರು. ಆ ವರ್ಷ ಮಾಮಾನ ಓಣಿಯ ಆಡುಗಳೆಲ್ಲ ಬಾಳೆಹಣ್ಣು ತಿಂದೇ ದಪ್ಪಗಾದವು.

ಮಾಮಾನ ಬಗ್ಗೆ ಒಂದು ಮಾತು. ಅವನು ಇಂಡಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು. ಮೂವತ್ತು ವರ್ಷ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಅಂತ ಮೈಕಿನಲ್ಲಿ ಕೂಗಿದವನು. ಸುತ್ತಲಿನ ನಾಲ್ಕೂ ತಾಲ್ಲೂಕಿನ ಬಸ್ಸುಗಳ ಟೈಮು ಅವನಿಗೆ ಈಗಲೂ ಬಾಯಿಪಾಠ. ಊರಿನವರನ್ನೆಲ್ಲ ಬಸ್ಸು ಹತ್ತಿಸಿದ, ಹೆಂಡತಿಯನ್ನು ಕರೆದುಕೊಂಡು ತಾನು ಮಾತ್ರ ಎಲ್ಲಿಗೂ ಹೋಗಲಿಲ್ಲ. ರಿಟೈರ್ ಆದ ಮೇಲೆ ತಿರುಗೋಣ ಅನ್ನುತ್ತಿದ್ದ. ರಿಟೈರ್ ಆದ ವರ್ಷವೇ ಅಕ್ಕನ ಎದೆಯಲ್ಲಿ ಗಂಟು ಸಿಕ್ಕಿತು.

ಹೀಗೇ ಒಂದು ವರ್ಷ ಕಳೆಯಿತು. ಔಷಧ ಹಿಡಿದಿತ್ತು. ಸ್ಕ್ಯಾನಿನಲ್ಲಿ ಗಂಟು ಸಣ್ಣದಾಗಿದೆ ಅಂದರು. ಪಂಚಮಿ ಬಂತು. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಕ್ಕನೂ ಮಾಮಾನೂ ಮುದ್ದೇಬಿಹಾಳಕ್ಕೆ ನಮ್ಮ ಮನೆಗೆ ಬಂದರು.

ಮರುದಿನ ಮಧ್ಯಾಹ್ನ. ಹೊರಗೆ ಜಿಟಿಜಿಟಿ ಮಳೆ. ಅಕ್ಕನಿಗೆ ಚಳಿಯಾಯಿತು. ಅವ್ವ ಹೊಲಿದ ಕೌದಿ ಟ್ರಂಕಿನಲ್ಲಿರುವುದು ಅವಳಿಗೆ ನೆನಪಿತ್ತು. ಯಾರನ್ನೂ ಕೇಳಲಿಲ್ಲ. ತವರುಮನೆಯ ಟ್ರಂಕು ತೆಗೆಯಲು ಯಾರ ಪರ್ಮಿಷನ್ ಬೇಕು? ನಾನು ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮುಚ್ಚಳ ಕಿರ್ರೆಂದದ್ದು ಕೇಳಿಸಿತು. ಎದ್ದು ಓಡಬೇಕಿತ್ತು. ಕೈಯಲ್ಲಿದ್ದ ಉತ್ತರಪತ್ರಿಕೆಯಲ್ಲೇ ಮುಖ ಹೂತು ಕೂತೆ.

ಅಕ್ಕ ಹೊರಗೆ ಬಂದಳು. ಒಂದು ಕೈಯಲ್ಲಿ ಕೌದಿ. ಇನ್ನೊಂದರಲ್ಲಿ ಹಸಿರು ಸೀರೆ. ಸೀರೆಗೆ ಪಿನ್ನು ಹಾಕಿದ್ದ ಬಿಲ್ಲು. (ಬಿಲ್ಲು ಜೋಪಾನವಾಗಿ ಇಡುವುದೂ ಮುಂಜಾಗ್ರತೆಯೇ.) ಬಿಲ್ಲಿನ ಮೇಲೆ ತಾರೀಖಿತ್ತು. ಶ್ವಾಸಕೋಶದ ಸುದ್ದಿ ಬಂದ ಆ ವಾರವನ್ನು ಅವಳು ಮರೆಯುವುದುಂಟೇ?

‘ತಮ್ಮಾ, ಇದು ಯಾರಿಗೆ ತಂದದ್ದು?’

ಲಲಿತಾಗೆ ಅಂದೆ.

‘ಲಲಿತಾ ಹಸರ ಉಡಂಗಿಲ್ಲ,’ ಅಂದಳು ಅಕ್ಕ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಲಲಿತಾ ಸೆರಗು ಬಾಯಿಗಿಟ್ಟುಕೊಂಡು ಅಳಲು ಶುರುಮಾಡಿದಳು. ಇನ್ನು ಮುಚ್ಚಿಡುವುದು ಏನಿತ್ತು? ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೈಯುತ್ತಾಳೆ, ಇಲ್ಲವೇ ಈಗಿಂದೀಗಲೇ ಬ್ಯಾಗು ಹಿಡಿದು ಹೊರಡುತ್ತಾಳೆ ಅಂದುಕೊಂಡೆ. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಅವಳು ಇನ್ನೊಮ್ಮೆ ಈ ಹೊಸ್ತಿಲು ತುಳಿಯದಿದ್ದರೆ ನಾನು ಏನು ಮಾಡಲಿ?

ಅಕ್ಕ ಬೈಯಲಿಲ್ಲ. ಕುರ್ಚಿಯ ಮೇಲೆ ಕೂತು, ಸೀರೆಯ ಮಡಿಕೆ ಬಿಚ್ಚಿ, ಸೆರಗನ್ನು ಎರಡು ಬೆರಳಿನಲ್ಲಿ ಉಜ್ಜಿ ನೋಡಿದಳು.

‘ಬಾಳ ಚೊಲೊ ಸೀರಿ. ಇಂಥಾದ್ದು ನೀ ನನಗ ಪಂಚಮಿಗೆ ಒಮ್ಮೆರ ತಂದೀ ಏನೋ?’

ತಂದಿರಲಿಲ್ಲ. ವರ್ಷ ವರ್ಷ ಪಂಚಮಿಗೆ ನಾನು ಕೊಟ್ಟದ್ದು ಡಿಸ್ಕೌಂಟ್ ಸೇಲಿನ ಪ್ರಿಂಟೆಡ್ ಸೀರೆ. ಆ ಸಲದ್ದೂ ಅಂಥದ್ದೇ, ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಬಿದ್ದಿತ್ತು. ಬದುಕಿರುವ ಅಕ್ಕನಿಗೆ ಅದು ಸಾಕು. ಸತ್ತ ಅಕ್ಕನಿಗೆ ಕೈಮಗ್ಗದ್ದು. ಯಾವ ಗಣಿತವಿದು? ಇಷ್ಟು ವರ್ಷ ಹುಡುಗರ ತಪ್ಪು ಲೆಕ್ಕಕ್ಕೆ ಕೆಂಪು ಗೀಟು ಹಾಕಿದ ನನಗೆ ನನ್ನದೇ ತಪ್ಪು ಕಂಡಿರಲಿಲ್ಲ.

‘ಸತ್ತಮ್ಯಾಲ ಹೊಚ್ಚಿದ್ರ ನಾ ಹೆಂಗ ನೋಡ್ಲಿ?’ ಅಂದಳು. ‘ಈಗ ಉಡತೇನಿ.’

ಲಲಿತಾ ಬೇಡವೇ ಬೇಡ ಅಂದಳು. ಅಂಥದ್ದಕ್ಕೆ ಅಂತ ತಂದ ಸೀರೆ, ಉಟ್ಟರೆ ಅಪಶಕುನ ಅಂದಳು. ಇನ್ನೂ ಯಾವ ಅಪಶಕುನ ಬಾಕಿ ಉಳಿದಿದೆಯವ್ವಾ ಅಂತ ಅಕ್ಕ ಒಳಗೆ ಹೋದಳು. ಹತ್ತು ನಿಮಿಷಕ್ಕೆ ಉಟ್ಟುಕೊಂಡು ಬಂದಳು. ಡಾಂಬರ ಗುಳಿಗೆಯ ವಾಸನೆ ಪಡಸಾಲೆ ತುಂಬ ಹರಡಿತು.

ಇಷ್ಟು ಹೊತ್ತೂ ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಮಾಮಾ ಅದನ್ನು ಮಡಚಿದ. ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಗೋಡೆಯ ಗಡಿಯಾರ ನೋಡಿದ.

‘ಮೂರೂವರಿಗೆ ಬಾಗೇವಾಡಿ ಬಸ್ ಐತಿ. ಹೋಗಿ ಬರೂಣೇನು?’

‘ಅಲ್ಲೇನೈತ್ರಿ?’

‘ಏನಿಲ್ಲ. ಸೀರಿ ಉಟ್ಟೀಯಲ್ಲ.’

ಹೋದರು! ಬಸವನ ಬಾಗೇವಾಡಿ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಒಂದು ಪ್ಲೇಟ್ ಮಿರ್ಚಿ, ಎರಡು ಚಹಾ. ಅದೇ ಸಂಜೆ ವಾಪಸ್ಸು. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಣ್ಣುಮಗಳೊಬ್ಬಳು ಸೀರೆ ಎಲ್ಲಿಯದು ಅಂತ ಕೇಳಿದಳಂತೆ. ತಮ್ಮ ಕೊಡಿಸಿದ ಅಂದಳಂತೆ ಅಕ್ಕ. ಯಾಕೆ ಕೊಡಿಸಿದ ಅಂತ ಹೇಳಲಿಲ್ಲ, ಪುಣ್ಯಾತ್ಗಿತ್ತಿ. ಆ ದಿನ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನಗುತ್ತಿದ್ದಳು. ವರ್ಷದಲ್ಲಿ ಮೊದಲ ಸಲ ಅವಳ ನಗು ಕೇಳಿದ್ದೆ.

ಅಲ್ಲಿಂದ ಶುರುವಾಯಿತು ನೋಡಿ ಇವರ ಸವಾರಿ.

ಮಾಮಾ ತನ್ನ ಕೆಲಸಕ್ಕೆ ಮರಳಿದ. ಇಂಜೆಕ್ಷನ್ನಿನ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮಧ್ಯದ ದಿನಗಳಿಗೆ ಬಸ್ಸಿನ ಶೆಡ್ಯೂಲ್ ಬರೆದ. ಇಂಜೆಕ್ಷನ್ ಆದ ಮೇಲೆ ಆರು ದಿನ ಪ್ರಯಾಣವಿಲ್ಲ. ಆಗ ನಾನು ಫೋನ್ ಮಾಡಿದರೆ ಅವನದು ಒಂದೇ ಉತ್ತರ, ‘ಗಾಡಿ ಡಿಪೋದಾಗ ಐತಿ.’ ಏಳನೇ ದಿನ ಮಾಡಿದರೆ ಹಿಂದಿನಿಂದ ಕಂಡಕ್ಟರನ ಸೀಟಿ ಕೇಳಿಸುತ್ತದೆ. ಗಾಡಿ ರೂಟ್ ಮೇಲೆ ಬಂದಿದೆ ಅಂತ ಅರ್ಥ. ಡಾಕ್ಟರರನ್ನು ಕೇಳಿಯೇ ಹೊರಡುವುದು. ಜನ ಕಡಿಮೆ ಇರುವ ಬಸ್ಸು, ಕಿಟಕಿಯ ಸೀಟು, ಮುಖಕ್ಕೆ ಮಾಸ್ಕು. ಬುತ್ತಿಯಲ್ಲಿ ಖಡಕ್ ರೊಟ್ಟಿ ಇಲ್ಲ. (ಆ ಹೊತ್ತಿಗೆ ಅಕ್ಕನ ಬಾಯಲ್ಲಿ ಹುಣ್ಣು ಶುರುವಾಗಿತ್ತು.) ಮೊಸರನ್ನ, ಖಾರವಿಲ್ಲದೆ ಮೆತ್ತಗೆ ಕಲಸಿದ ಶೇಂಗಾ ಹಿಂಡಿ.

ಮೊದಮೊದಲು ಹತ್ತಿರದ್ದೇ. ಸಿಂದಗಿಯಲ್ಲಿ ಅಕ್ಕನ ಹಳೇ ಗೆಳತಿಯ ಮನೆ. ಆಲಮಟ್ಟಿಯ ತೋಟ. ಝಳಕಿಯಲ್ಲಿ ಹೆದ್ದಾರಿ ಪಕ್ಕದ ಹೋಟೆಲಿನ ಕಟ್ಟೆ. ಅಲ್ಲಿ ಕೂತು ದೂರದೂರದ ಲಾರಿಗಳ ನಂಬರ್ ಪ್ಲೇಟ್ ನೋಡುತ್ತ, ಯಾವುದು ಯಾವ ರಾಜ್ಯದ್ದು ಅಂತ ಪಂದ್ಯ ಕಟ್ಟುವುದು. ಆಮೇಲೆ ಬಾದಾಮಿ. ಆಮೇಲೆ ಹಂಪಿ. ಎಲ್ಲೇ ಹೋದರೂ ಫೋಟೋದಲ್ಲಿ ಅದೇ ಹಸಿರು ಸೀರೆ. ಬೇರೆ ಇಲ್ಲವೇನೇ ಅಂತ ಕೇಳಿದೆ. ಉಳಿದವೆಲ್ಲ ಗಾದಿಯ ಮೇಲೆ ಹಾಸಲು ಚೆನ್ನ, ತಿರುಗಾಟಕ್ಕೆ ಇದೇ ಲಕ್ಕಿ ಅಂದಳು.

ಎಲ್ಲ ಬರೀ ನಗುವೇ ಅಂದುಕೊಳ್ಳಬೇಡಿ. ಗಾಡಿ ಡಿಪೋದಲ್ಲಿದ್ದ ದಿನವೊಂದರಲ್ಲಿ ನಾನು ಇಂಡಿಗೆ ಹೋಗಿದ್ದೆ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಬಕೆಟ್ಟು. ‘ಸಾಕಾಗೇತಿ ತಮ್ಮಾ,’ ಅಂದಳು. ಅಷ್ಟೇ. ಮಾಮಾ ಮಂಚದ ಬದಿಗೆ ಕೂತು, ಅವಳ ಕಾಲು ಒತ್ತುತ್ತ, ಮೆಲ್ಲನೆ ಮೈಕಿನ ದನಿಯಲ್ಲಿ ಶುರುಮಾಡಿದ. ಪ್ರಯಾಣಿಕರ ಗಮನಕ್ಕೆ. ಸಿಂದಗಿ, ತಾಳಿಕೋಟೆ, ಮುದ್ದೇಬಿಹಾಳಕ್ಕೆ ಹೋಗುವ ಬಸ್ಸು ಸ್ವಲ್ಪ ತಡವಾಗಿ ಹೊರಡುತ್ತದೆ. ಎರಡು ಸಲ ಹೇಳಿದ. ಮೂರನೇ ಸಲಕ್ಕೆ ಅಕ್ಕ ಗೋಡೆಗೆ ಮುಖ ಇಟ್ಟುಕೊಂಡೇ, ‘ಗಪ್ ಕೂಡ್ರಿ,’ ಅಂದಳು. ಅವಳ ಭುಜ ನಗುವಿನಿಂದ ಕುಲುಕುತ್ತಿತ್ತು.

ಹೊರಗೆ ತಂತಿಯ ಮೇಲೆ ಹಸಿರು ಸೀರೆ ಒಣಗುತ್ತಿತ್ತು.

ಜನ ಸುಮ್ಮನಿರುತ್ತಾರೆಯೇ? ಮಾತಾಡಿಸಲು ಬಂದವರಿಗೆ ಈಗ ಬಾಗಿಲಿಗೆ ಬೀಗ. ಬಾಳೆಹಣ್ಣಿನ ಚೀಲವನ್ನು ಬಾಗಿಲ ಕೊಂಡಿಗೆ ಸಿಕ್ಕಿಸಿ ಹೋಗುತ್ತಾರೆ. ಆಮೇಲೆ ನನಗೆ ಫೋನ್. ನಿಮ್ಮ ಅಕ್ಕನಿಗೆ ನಿಜವಾಗಿ ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ. ಇದೆ ಅಂದರೆ, ಮತ್ತೆ ಹಾಗೆ ತಿರುಗುತ್ತಾಳಲ್ಲ ಅಂತ. ಅವರ ದನಿಯಲ್ಲಿ ಮೋಸ ಹೋದವರ ಸಿಟ್ಟು! ನಮಗೆ ರೋಗಿ ಅಂದರೆ ರೋಗಿಯ ಹಾಗೇ ಇರಬೇಕು. ಹಾಸಿಗೆ ಬಿಡಬಾರದು, ಟೋಪಿ ಹಾಕಬಾರದು, ಮಿರ್ಚಿಯನ್ನಂತೂ ತಿನ್ನಲೇಬಾರದು. ಅವರು ಬದುಕಿದರೆ ನಮ್ಮ ಕನಿಕರ ಎಲ್ಲಿ ಇಡೋಣ? (ನಾನೂ ಅವರಲ್ಲೊಬ್ಬ. ನಾನಾದರೋ ಕನಿಕರವನ್ನು ಟ್ರಂಕಿನಲ್ಲಿಟ್ಟು ಗುಳಿಗೆ ಬೇರೆ ಹಾಕಿದ್ದೆ.)

ಮತ್ತೆ ಭಾನುವಾರದ ಫೋಟೋಕ್ಕೆ ಬರೋಣ. ಅಕ್ಕ ಸಮುದ್ರ ನೋಡಿದ್ದು ಇದೇ ಮೊದಲು. ನಾನು ಬಾಯಿ ಮುಕ್ಕಳಿಸಿ ಫೋನ್ ಮಾಡಿದೆ. ಹೇಗಿದೆ ಸಮುದ್ರ ಅಂತ ಕೇಳಿದೆ. ಬಹಳ ದೊಡ್ಡದಿದೆ, ಆದರೆ ಗದ್ದಲ ಜಾಸ್ತಿ ಅಂದಳು. ಮಾಮಾ ತೆರೆಗಳ ಟೈಮು ಬರೆದುಕೊಳ್ಳುತ್ತಿದ್ದಾನೆ ಅಂದಳು.

‘ತಮ್ಮಾ, ಕಲ್ಲಬಂಡಿ ಹತ್ತಾಕ ಹೋಗಿ ಸೆರಗ ಹರೀತೋ. ಒಂದ ಗೇಣು.’

ಇರಲಿ ಬಿಡು, ಹೊಲಿದರಾಯಿತು ಅಂದೆ.

‘ಹೊಲಿಯಾಕ ಬರಂಗಿಲ್ಲ. ನೀ ಮತ್ತೊಂದು ತರಬೇಕಲ್ಲ. ಮುಂದಿನ ತಿಂಗಳ ರಾಮೇಶ್ವರ ಐತಿ.’

ಮೊನ್ನೆ ತಾಳಿಕೋಟೆಗೆ ಹೋದೆ. ಈ ಸಲವೂ ಮುದ್ದೇಬಿಹಾಳದಲ್ಲಿ ಕೊಳ್ಳಲಿಲ್ಲ, ಆದರೆ ಕಾರಣ ಬೇರೆ. ಅದೇ ಅಂಗಡಿಯಿಂದಲೇ ತರಬೇಕು ಅನ್ನಿಸಿತ್ತು. ದಸ್ತಗೀರ ಸಾಹೇಬರು ಕನ್ನಡಕ ಮೇಲೇರಿಸಿ ನೋಡಿದರು. ಕೂಡಿಸಿದರು. ಚಹಾ ತರಿಸಿದರು.

‘ಕುಬಸ ಆತಲ್ರಿ? ಕೂಸು ಏನ್ರಿ?’

ಎರಡು ವರ್ಷದ ಹಿಂದೆ ಹೇಳಿದ ಸುಳ್ಳು ಗಾದಿಯ ಮೇಲೆ ನನ್ನ ಪಕ್ಕದಲ್ಲೇ ಬಂದು ಕೂತಿತು. ಇನ್ನೊಂದು ಸುಳ್ಳು ಹೇಳಬಹುದಿತ್ತು. ಗಂಡು ಕೂಸು ಅಂದಿದ್ದರೆ ಮುಗಿಯುತ್ತಿತ್ತು. ಯಾಕೋ ಮನಸ್ಸಾಗಲಿಲ್ಲ. ಕುಬಸವೂ ಇರಲಿಲ್ಲ, ಕೂಸೂ ಇರಲಿಲ್ಲ ಅಂತ ಎಲ್ಲ ಹೇಳಿಬಿಟ್ಟೆ. ಮೊಬೈಲಿನಲ್ಲಿ ಸಮುದ್ರದ ಫೋಟೋ ತೋರಿಸಿದೆ. ಸಾಹೇಬರು ಅದನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

‘ನನಗ ಅವತ್ತ ಗೊತ್ತಾಗಿತ್ರಿ, ನೀವಾಗೇ ಹೇಳ್ಲಿ ಅಂತ ಕೇಳಿದ್ನಿ,’ ಅಂದರು. ‘ಕುಬಸಕ್ಕ ಸೀರಿ ಒಯ್ಯೋರು ಬಣ್ಣ ಬಿಡ್ತೈತೇನು, ಬಾಳಿಕಿ ಬರ್ತೈತೇನು ಅಂತ ತಲಿ ತಿಂತಾರ. ನೀವು ಒಗಿಯೋದು ಹೇಳಾಕ ಹೋದ್ರ ಬ್ಯಾಡ ಅಂದ್ರಿ.’

ನಾನು ಚಹಾದ ಕಪ್ಪು ಕೆಳಗಿಟ್ಟೆ. ಇನ್ನೊಂದು ಸೀರೆ ಬಿಚ್ಚಲು ಹೇಳಿದೆ. ಬಣ್ಣ ಆರಿಸಿದ ಮೇಲೆ, ಜೇಬಿನಿಂದ ಪೆನ್ನು ತೆಗೆದು, ಒಗೆಯುವುದು ಹೇಗೆ ಹೇಳಿ ಅಂದೆ. ಮೊದಲ ಸಲ ಉಪ್ಪುನೀರಿನಲ್ಲಿ ಅದ್ದಬೇಕಂತೆ. (ಹಳೆಯದನ್ನು ಇಡೀ ಅರಬ್ಬೀ ಸಮುದ್ರದಲ್ಲೇ ಅದ್ದಿಯಾಗಿದೆ.) ತಣ್ಣೀರು, ಸೋಪು ಕಡಿಮೆ, ಹಿಂಡಬಾರದು, ನೆರಳಲ್ಲಿ ಒಣಗಿಸಬೇಕು. ಎಲ್ಲ ಬರೆದುಕೊಂಡೆ. ಬಿಲ್ಲನ್ನು ಅಲ್ಲೇ ಹರಿದು ಬುಟ್ಟಿಗೆ ಹಾಕಿದೆ. ಸಾಹೇಬರು ಸೀರೆ ಕಟ್ಟಿ ಕೈಗೆ ಕೊಡುವಾಗ, ಎರಡು ವರ್ಷದ ಹಿಂದೆಯೇ ಕೇಳಬೇಕಿದ್ದ ಒಂದು ಪ್ರಶ್ನೆ ಬಾಕಿ ಉಳಿದಿತ್ತು. ಕೇಳಿಯೇಬಿಟ್ಟೆ:

‘ಸಾಹೇಬರ, ಇದು ಎಷ್ಟು ವರ್ಷ ಬಾಳಿಕಿ ಬರ್ತೈತ್ರಿ?’